ಗಲ್ಲಿ ಗಣಪತಿಯ ಮುಂದೆ ಸಮುದ್ರ: ಬೆಳಗಾವಿಯ ಒಂದು ಮಂಡಳದ ಪ್ರಕರಣ

ಹಳೇ ಬೆಳಗಾವಿ ಕಡೆಯ ಒಂದು ಗಲ್ಲಿಯ ಗಣಪತಿ ಮಂಡಳ 2023ರಲ್ಲಿ ಆರ್ಕೆಸ್ಟ್ರಾ ರದ್ದು ಮಾಡಿ ಸಮುದ್ರದ ಡಾಕ್ಯುಮೆಂಟರಿ ತೋರಿಸಿತು. ಜೊತೆಗೆ ಕಡಲಾಮೆ ಉಳಿಸುವ ಕೆಲಸಕ್ಕೆ ಪಟ್ಟಿ, ಅಂದರೆ ಚಂದಾ, ಎತ್ತಿತು. ಸಮುದ್ರವೇ ಇಲ್ಲದ ಊರಿನಲ್ಲಿ ಇದು ಹೇಗೆ ಶುರುವಾಯಿತು, ಎಲ್ಲೆಲ್ಲಿ ಸಿಕ್ಕಿಕೊಂಡಿತು, ಕೊನೆಗೆ ಏನು ಉಳಿಯಿತು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನಾನು ಪಕ್ಕದ ಗಲ್ಲಿಯವನು. ಮಂಡಳದ ಸದಸ್ಯನಲ್ಲ. ಆದರೆ ಮೀಟಿಂಗಿನಲ್ಲಿ ಕೂತಿದ್ದೆ, ಫಿಲಂ ನೋಡಿದೆ, ಆಮೇಲೆ ಖಜಾಂಚಿಯ ವಹಿಯನ್ನೂ ನೋಡಿದೆ. ಯಾರ ಹೆಸರನ್ನೂ ಹಾಕಿಲ್ಲ. ಹಾಕಿದರೆ ಆ ಗಲ್ಲಿಯಲ್ಲಿ ನನಗೆ ಮತ್ತೆ ಚಹಾ ಸಿಗೋದಿಲ್ಲ.

ಯಾವ ಆಮಿ ಬಂದಿತ್ತು?

ಬೆಳಗಾವಿಯಲ್ಲಿ ಸಾರ್ವಜನಿಕ ಗಣಪತಿ ಶುರುವಾಗಿದ್ದು 1905ರಲ್ಲಿ, ಝೆಂಡಾ ಚೌಕದಲ್ಲಿ, ಲೋಕಮಾನ್ಯ ಟಿಳಕರ ಕೈಯಿಂದ. ಆ ಲೆಕ್ಕದಲ್ಲಿ ಈ ಮಂಡಳ ಮೊನ್ನೆ ಮೊನ್ನೆಯದು. ಗಲ್ಲಿಯಲ್ಲಿ ಕನ್ನಡದವರು, ಮರಾಠಿಯವರು, ನಾಕಾರು ಕೊಂಕಣಿ ಮನೆಯವರು ಇದ್ದಾರೆ. ಎಲ್ಲರೂ ಪಟ್ಟಿ ಕೊಡುತ್ತಾರೆ, ಎಲ್ಲರೂ ತಕರಾರು ಮಾಡುತ್ತಾರೆ.

ವಿಷಯ ಎತ್ತಿದ್ದು ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಹುಡುಗಿ. ಹಿಂದಿನ ಚಳಿಗಾಲ ಕಾಲೇಜಿನವರ ಜೊತೆ ದಕ್ಷಿಣ ಗೋವಾದ ಅಗೋಂದಕ್ಕೆ ಹೋಗಿದ್ದಳು. ಬೀಚಿನ ಮೇಲೆ ನಾಲ್ಕು ಕೋಲು ನೆಟ್ಟು ಬಲೆ ಸುತ್ತಿದ್ದರು. ಒಳಗೆ ಏನೂ ಕಾಣುತ್ತಿರಲಿಲ್ಲ, ಬರೀ ಉಸುಕು. ಉಸುಕಿನ ಕೆಳಗೆ ಆಲಿವ್ ರಿಡ್ಲೆ ಆಮೆಯ ನೂರರಷ್ಟು ಮೊಟ್ಟೆ ಇವೆ ಅಂತ ಕಾವಲಿಗೆ ಕೂತಿದ್ದವರು ಹೇಳಿದರಂತೆ. ಮೊಟ್ಟೆ ಒಡೆಯಲು ಒಂದೂವರೆ ತಿಂಗಳಿಂದ ಎರಡು ತಿಂಗಳು ಬೇಕು. ಅಲ್ಲಿಯವರೆಗೆ ನಾಯಿ, ನರಿ, ಕಾಲಿಡುವ ಜನ, ಎಲ್ಲದರಿಂದ ಕಾಯಬೇಕು. ಉಸುಕು ಜಾಸ್ತಿ ಕಾದರೆ ಹೆಣ್ಣು ಮರಿಗಳೇ ಜಾಸ್ತಿ ಹುಟ್ಟುತ್ತವೆ. ಮರಿಗಳು ರಾತ್ರಿ ಹೊರಬಂದು ಬೆಳಕಿದ್ದ ಕಡೆ ಓಡುತ್ತವೆ. ನೀರಿನ ಮೇಲಿನ ತಿಳಿ ಬೆಳಕು ಅಂದುಕೊಂಡು ಎಷ್ಟೋ ಸಲ ಹೋಟೆಲಿನ ಲೈಟಿನ ಕಡೆ ಓಡಿಬಿಡುತ್ತವೆ. ಇಷ್ಟನ್ನು ಹುಡುಗಿ ಮೀಟಿಂಗಿನಲ್ಲಿ ಒಂದೇ ಉಸಿರಿಗೆ ಹೇಳಿದಳು.

ಮೊದಲ ಉತ್ತರ ಬಂದಿದ್ದು ಹಿರಿಯರೊಬ್ಬರಿಂದ. "ಸಮುದ್ರ ಗೋವಾದಾಗ ಐತಿ. ಪಟ್ಟಿ ನಾವ್ಯಾಕ ಕೊಡೂಣು?"

ಎರಡನೆಯದು ಇನ್ನೂ ಖಡಕ್. ಕೃಷ್ಣಾ ದಂಡೆಯ ಹಳ್ಳಿಯಿಂದ ಬಂದವರೊಬ್ಬರು ಎದ್ದು ನಿಂತರು. "2019ರಾಗ ನಮ್ಮ ಮನಿ ನೀರಾಗ ನಿಂತಿತ್ತು. ಆವಾಗ ಯಾವ ಆಮಿ ಬಂದಿತ್ತರಿ ನಮ್ಮ ಕಡೆ?"

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂಥದ್ದಲ್ಲ. ಆ ಆಗಸ್ಟಿನ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ಮುಳುಗಿದ್ದವು. ಇದ್ದದ್ದು ಬಿಟ್ಟು ದೂರದ್ದಕ್ಕೆ ದುಡ್ಡು ಯಾಕೆ ಅನ್ನೋದು ಸಮುದ್ರದ ಕೆಲಸ ಮಾಡುವವರು ಒಳನಾಡಿನಲ್ಲಿ ಎದುರಿಸಲೇಬೇಕಾದ ಪ್ರಶ್ನೆ. ಬಹಳ ಜನ ಅದನ್ನು ಎದುರಿಸೋದಿಲ್ಲ. ಭೂಮಿಯ ಮುಕ್ಕಾಲು ಭಾಗ ನೀರು ಅಂತ ಶುರು ಮಾಡಿಬಿಡುತ್ತಾರೆ.

ಉತ್ತರ ಕೊಟ್ಟಿದ್ದು ನಿವೃತ್ತ ವಿಜ್ಞಾನ ಶಿಕ್ಷಕಿ. ಗಲ್ಲಿಯವರಿಗೆಲ್ಲ ಅವರು ಅಕ್ಕೋರು. "ಕಾಕಾ, ಆ ಮಳಿ ಎಲ್ಲಿಂದ ಬಂತು ಹೇಳ್ರಿ? ಅರಬ್ಬೀ ಸಮುದ್ರದಿಂದನ ಬಂತಲ್ಲ." ಮಧ್ಯ ಭಾರತದಲ್ಲಿ ದೊಡ್ಡ ಪ್ರದೇಶದ ಮೇಲೆ ಒಮ್ಮೆಲೆ ಸುರಿಯುವ ಭಾರೀ ಮಳೆ 1950ರಿಂದ 2015ರ ನಡುವೆ ಮೂರು ಪಟ್ಟು ಹೆಚ್ಚಿದೆ, ಅದಕ್ಕೆ ಬೇಕಾದ ತೇವ ಅರಬ್ಬೀ ಸಮುದ್ರದಿಂದ ಬರುತ್ತಿದೆ ಅಂತ 2017ರಲ್ಲಿ ಬಂದ ಅಧ್ಯಯನದ ಬಗ್ಗೆ ಅವರು ಓದಿದ್ದರು. 2019ರ ಪ್ರವಾಹವೂ ಅದೇ ಅಂತ ಅವರು ಹೇಳಲಿಲ್ಲ. ಸಮುದ್ರ ಬಿಸಿಯಾದರೆ ಅದರ ಖರ್ಚಿನ ಬಿಲ್ಲು ನಮ್ಮ ಹೊಲಕ್ಕೂ ಬರುತ್ತದೆ ಅಂದರು, ಅಷ್ಟೇ. ಕಾಕಾ ಒಪ್ಪಲಿಲ್ಲ, ಆದರೆ ಕೂತರು.

ಕಡೆಗೆ ಆದ ಒಪ್ಪಂದ ಹೀಗಿತ್ತು: ಫಿಲಂ ತೋರಿಸಬಹುದು. ಗಣಪತಿ ಪಟ್ಟಿಯ ದುಡ್ಡಿನಿಂದ ಸಮುದ್ರಕ್ಕೆ ಒಂದು ಪೈಸೆ ಹೋಗಬಾರದು. ಕೊಡುವವರು ಬೇರೆ ಕೊಡಲಿ, ಬೇರೆ ರಸೀದಿ ಹರಿಯಲಿ.

ಯಾವ ಫಿಲಂ

ಹುಡುಗರಲ್ಲಿ ಒಬ್ಬನಿಗೆ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಸೀಸ್ಪಿರಸಿ'ಯೇ ಬೇಕಿತ್ತು. 2048ಕ್ಕೆ ಸಮುದ್ರದಲ್ಲಿ ಮೀನೇ ಇರೋದಿಲ್ಲ ಅಂತ ಅವನು ಗ್ರೂಪಿನಲ್ಲಿ ಹಾಕಿದ. ಕೊಂಕಣಿ ಮನೆಯವರಿಗೆ ಸಿಟ್ಟು ಬಂತು. ನಮ್ಮ ತಟ್ಟೆಗೆ ಕೈ ಹಾಕ್ತೀರಾ ಅಂತ ಜಗಳ.

ಅಕ್ಕೋರು ಇದನ್ನು ಬಿಡಿಸಿದ ರೀತಿ ನನಗೆ ಇಷ್ಟವಾಯಿತು. 2048 ಅನ್ನೋದು ಗಾಳಿಯಿಂದ ಬಂದದ್ದಲ್ಲ. 2006ರಲ್ಲಿ ಬೋರಿಸ್ ವರ್ಮ್ ಮತ್ತು ಜೊತೆಗಾರರು 'ಸೈನ್ಸ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅದು ಇದೆ. ಹಿಡಿಯುವ ರೀತಿ ಹೀಗೇ ಮುಂದುವರಿದರೆ ಆ ಹೊತ್ತಿಗೆ ಮೀನುಗಾರಿಕೆ ಕುಸಿಯುತ್ತದೆ ಅನ್ನುವ ಅಂದಾಜು ಅದು. ಅದೇ ವರ್ಮ್, ತಮ್ಮನ್ನು ಕಟುವಾಗಿ ಟೀಕಿಸಿದ್ದ ರೇ ಹಿಲ್ಬರ್ನ್ ಜೊತೆ ಕೂತು 2009ರಲ್ಲಿ ಇನ್ನೊಂದು ಲೇಖನ ಬರೆದರು. ಸರಿಯಾಗಿ ನಿಯಂತ್ರಣ ಮಾಡಿದ ಕಡೆ ಮೀನು ಮತ್ತೆ ಹೆಚ್ಚುತ್ತಿದೆ ಅಂತ ಅದರಲ್ಲಿ ತೋರಿಸಿದರು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟರೆ ಜನ ಹೆದರುತ್ತಾರೆ. ಹೆದರಿದವರು ಒಂದು ವಾರ ಮೀನು ಬಿಡುತ್ತಾರೆ, ಮುಂದಿನ ವಾರ ಏನು ಮಾಡಿದರೂ ಅಷ್ಟೇ ಅಂತ ಸುರಮಯಿ ತರುತ್ತಾರೆ. ಆ ಫಿಲಂ ಬೇಡ ಅಂತ ತೀರ್ಮಾನವಾಯಿತು.

ಆಯ್ಕೆಯಾಗಿದ್ದು ಹವಳದ ಬಗ್ಗೆ 2017ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲೇ ಬಂದ 'ಚೇಸಿಂಗ್ ಕೋರಲ್'. ಇಲ್ಲಿ ಖಜಾಂಚಿ ಅಡ್ಡ ಬಂದರು. ಅವರದು ಹಾರ್ಡ್‌ವೇರ್ ಅಂಗಡಿ, ಕಾಗದಪತ್ರದಲ್ಲಿ ಬಲು ಕಟ್ಟುನಿಟ್ಟು. "ಮೊಬೈಲಿನ ಫಿಲಂ ಪೆಂಡಾಲದಾಗ ಹಾಕಬಹುದೇನು?"

ಯಾರಿಗೂ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಮನೆಯ ಅಕೌಂಟಿನಿಂದ ಸಾರ್ವಜನಿಕವಾಗಿ ತೋರಿಸುವ ಹಾಗಿಲ್ಲ. ಆದರೆ ನೆಟ್‌ಫ್ಲಿಕ್ಸ್ ತನ್ನ ಕೆಲವು ಡಾಕ್ಯುಮೆಂಟರಿಗಳನ್ನು ಶಿಕ್ಷಣಕ್ಕಾಗಿ ಒಂದು ಸಲ ತೋರಿಸಲು ಬಿಡುತ್ತದೆ. ಅದಕ್ಕೆ ಷರತ್ತುಗಳಿವೆ. ಟಿಕೆಟ್ ಇಡಬಾರದು. ಜಾಹೀರಾತು, ಪ್ರಾಯೋಜಕರು ಇರಬಾರದು. ದೇಣಿಗೆಯನ್ನೂ ಕೇಳಬಾರದು. ಈ ಕಡೆ ಮಂಡಳದ ಪೆಂಡಾಲು ನೋಡಿ: ಬಂಗಾರದಂಗಡಿ ಬ್ಯಾನರ್, ಬ್ಯಾಂಕಿನ ಬ್ಯಾನರ್, ಮುಂದಿನ ಚುನಾವಣೆಗೆ ನಿಲ್ಲುವವರ ಬ್ಯಾನರ್. ಅವುಗಳ ನಡುವೆ ಆಮೆಗೆ ದೇಣಿಗೆ ಹಾಕುವ ಡಬ್ಬಿ. ಷರತ್ತಿನಲ್ಲಿ ಬೇಡ ಅಂದದ್ದೆಲ್ಲ ಅಲ್ಲೇ ಇತ್ತು.

ಹಾಗಾಗಿ ಫಿಲಂ ಪೆಂಡಾಲಿನಿಂದ ಹತ್ತಿರದ ಶಾಲೆಯ ಹಾಲ್‌ಗೆ ಹೋಯಿತು. ರವಿವಾರ ಸಂಜೆ, ಡಬ್ಬಿ ಇಲ್ಲ, ಬ್ಯಾನರ್ ಇಲ್ಲ. ದೇಣಿಗೆಯ ಮಾತನ್ನು ಹಾಲ್‌ನಲ್ಲಿ ಯಾರೂ ಎತ್ತಬಾರದು ಅಂತ ಖಜಾಂಚಿ ತಾಕೀತು ಮಾಡಿದರು. ಪಟ್ಟಿ ಬೇರೆ ದಿನ, ಬೇರೆ ಜಾಗದಲ್ಲಿ. ನೋಡಿ ಕಣ್ಣೀರು ಬಂದ ಹೊತ್ತಿಗೇ ಡಬ್ಬಿ ಹಿಡಿದಿದ್ದರೆ ಜಾಸ್ತಿ ದುಡ್ಡು ಬರುತ್ತಿತ್ತು ಅಂತ ಹುಡುಗರಿಗೆ ಇವತ್ತಿಗೂ ಬೇಜಾರು. ನನ್ನ ಲೆಕ್ಕದಲ್ಲಿ ಹಾಗೆ ಬೇರೆ ಮಾಡಿದ್ದೇ ಒಳ್ಳೆಯದಾಯಿತು. ಯಾಕೆ ಅಂತ ಮುಂದೆ ಬರುತ್ತದೆ.

ಥರ್ಮೋಕೋಲ್ ಸಮುದ್ರ

ಅಷ್ಟರಲ್ಲಿ ಪೆಂಡಾಲಿನ ದೇಖಾವೆಯೂ ಸಮುದ್ರದ್ದೇ ಆಗಲಿ ಅಂತ ಆಗಿತ್ತು. ಪ್ರತಿ ವರ್ಷ ಮಾಡುವ ಕಲಾವಿದರು ಬಂದು ಚಿತ್ರ ತೋರಿಸಿದರು. ಥರ್ಮೋಕೋಲಿನ ಅಲೆ, ಥರ್ಮೋಕೋಲಿನ ಹವಳ, ಥರ್ಮೋಕೋಲಿನ ಆಮೆ. ಚೆಂದ ಇತ್ತು, ಸುಳ್ಳು ಹೇಳಬಾರದು.

ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್, ಅಪ್ಪಟ ಪ್ಲಾಸ್ಟಿಕ್. ಮುರಿದರೆ ಸಾಬೂದಾಣಿ ಗಾತ್ರದ ಗುಂಡುಗಳಾಗಿ ಚದುರುತ್ತದೆ. ನೀರಿನ ಮೇಲೆ ತೇಲುತ್ತದೆ, ಮೀನು ಮತ್ತು ಹಕ್ಕಿಗಳು ಆಹಾರ ಅಂದುಕೊಂಡು ನುಂಗುತ್ತವೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನ ಪಟ್ಟಿಯಲ್ಲಿ ಇಯರ್ ಬಡ್ಡಿನ ಕಡ್ಡಿ, ಬಲೂನಿನ ಕಡ್ಡಿ, ಚಮಚ, ಸ್ಟ್ರಾ ಜೊತೆಗೆ ಅಲಂಕಾರಕ್ಕೆ ಬಳಸುವ ಥರ್ಮೋಕೋಲೂ ಇದೆ. ಸಮುದ್ರ ಉಳಿಸಿ ಅಂತ ಬೋರ್ಡು ಹಾಕಿ ಅದರ ಕೆಳಗೆ ಇದನ್ನು ಇಡುವುದು ಹೇಗೆ? ಕಲಾವಿದರದು ಹೊಟ್ಟೆಪಾಡು. "ಮತ್ತೇನಿಂದ ಮಾಡ್ಲಿರಿ?" ಅಂದರು.

ಉತ್ತರ ಹೆಂಗಸರಿಂದ ಬಂತು. ಮನೆಮನೆಯಿಂದ ಹಳೇ ನೀಲಿ ಸೀರೆ ತಂದರು. ತಿಳಿ ನೀಲಿ, ಕಡು ನೀಲಿ, ನವಿಲುಬಣ್ಣ, ಅಂಚಿಗೆ ಜರಿ ಇದ್ದದ್ದು ಕೂಡ. ಬಿದಿರಿನ ಗಳ ಕಟ್ಟಿ ಸೀರೆಗಳನ್ನು ಸಡಿಲವಾಗಿ ಇಳಿಬಿಟ್ಟು ಹಿಂದಿನಿಂದ ಎರಡು ಟೇಬಲ್ ಫ್ಯಾನ್ ಇಟ್ಟರು. ಫ್ಯಾನ್ ತಿರುಗಿದ ಕಡೆ ಸೀರೆ ಉಬ್ಬುತ್ತಿತ್ತು, ಜರಿಯ ಅಂಚು ಲೈಟಿಗೆ ಮಿಂಚುತ್ತಿತ್ತು. ಬುಟ್ಟಿ ಹೆಣೆಯುವವರಿಂದ ತಂದ ಬುಟ್ಟಿ ಬೋರಲು ಹಾಕಿದರೆ ಆಮೆಯ ಚಿಪ್ಪು. ಹವಳಕ್ಕೆ ಕಾಗದದ ರದ್ದಿ ನೆನೆಸಿ ಅಂಟು ಹಾಕಿ ರುಬ್ಬಿದ ಮುದ್ದೆ. ಕಲಾವಿದರ ಮಜೂರಿ ಕಡಿಮೆ ಮಾಡಲಿಲ್ಲ. ಸಾಮಾನಿನ ಖರ್ಚು ಉಳಿಯಿತು.

ಗಣಪತಿ ಮೂರ್ತಿಯನ್ನು ಮಾತ್ರ ಮೊದಲೇ ಹೇಳಿ ಮಾಡಿಸಿ ಆಗಿತ್ತು. ಅದು ಯಾವುದರದ್ದಿರಬೇಕು ಅನ್ನುವ ವಾದ ಮುಂದಿನ ವರ್ಷಕ್ಕೆ ಹೋಯಿತು.

ಸುಣ್ಣಾ ಹಚ್ಯಾರೇನ್ರಿ?

ಹಾಲ್ ತುಂಬಿತ್ತು. ಅರ್ಧ ಮಕ್ಕಳು. ಫಿಲಂ ಇಂಗ್ಲಿಷ್, ಕೆಳಗೆ ಬರುವ ಅಕ್ಷರವೂ ಇಂಗ್ಲಿಷ್. ಹತ್ತು ನಿಮಿಷಕ್ಕೆ ಗದ್ದಲ ಶುರುವಾಗುತ್ತದೆ ಅಂತ ಗೊತ್ತಿದ್ದ ಅಕ್ಕೋರು ಪರದೆಯ ಪಕ್ಕ ಮೈಕ್ ಹಿಡಿದು ನಿಂತರು. ಫಿಲಂನ ದನಿ ಸಣ್ಣ ಮಾಡಿಸಿ ತಾವೇ ಹೇಳುತ್ತಾ ಹೋದರು. ಎರಡು ದಿನ ಮನೆಯಲ್ಲಿ ನೋಡಿ ವಹಿಯಲ್ಲಿ ಗುರುತು ಹಾಕಿಕೊಂಡಿದ್ದರು.

"ನೋಡ್ರಿ, ಇದು ಕಲ್ಲಲ್ಲ. ಗಿಡಾನೂ ಅಲ್ಲ. ಸಣ್ಣ ಸಣ್ಣ ಪ್ರಾಣಿ ಕೂಡಿ ಕಟ್ಟಿದ ಊರು. ಪ್ರತಿ ಪ್ರಾಣಿ ಮೈಯಾಗ ಪಾಚಿ ಬಾಡಿಗಿಗೆ ಐತಿ. ಪಾಚಿ ಬಿಸಲಿಗೆ ಅಡಗಿ ಮಾಡತೈತಿ, ಮನಿ ಮಾಲಕಗ ಊಟ ಕೊಡತೈತಿ. ಹವಳದ ಬಣ್ಣನೂ ಆ ಪಾಚೀದ."

ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಗೆ ಹಾಕುತ್ತದೆ. 2016ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹಾಗೇ ಆಯಿತು. ಆಳವಿಲ್ಲದ ನೀರಿನ ಹವಳದಲ್ಲಿ ಶೇ. 30ರ ಹತ್ತಿರ ಸತ್ತಿತು. ನೀರಿನೊಳಗೆ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಕೈಕೊಟ್ಟಾಗ ಫಿಲಂ ತಂಡದವರು ವಾರಗಟ್ಟಲೆ ದಿನಾ ಮುಳುಗಿ ಅದೇ ಜಾಗದಿಂದ ಕೈಯಾರೆ ಚಿತ್ರ ತೆಗೆದರು. ಆ ಚಿತ್ರಗಳನ್ನು ಜೋಡಿಸಿ ಓಡಿಸಿದಾಗ ಕಂದು, ಹಸಿರು, ನೇರಳೆ ಎಲ್ಲ ಕಣ್ಣೆದುರೇ ಬೆಳ್ಳಗಾಗುತ್ತದೆ.

ಮುಂದೆ ಕೂತಿದ್ದ ಹುಡುಗನೊಬ್ಬ ಕೂಗಿದ: "ಅಕ್ಕೋರ, ಸುಣ್ಣಾ ಹಚ್ಯಾರೇನ್ರಿ?"

"ಯಾರೂ ಹಚ್ಚಿಲ್ಲಪಾ. ಒಳಗಿನ ಸುಣ್ಣ ಹೊರಗ ಕಾಣಾಕ ಹತ್ತೇತಿ."

ಹವಳದ ಎಲುಬು ನಿಜಕ್ಕೂ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನದೇ ವಸ್ತು. ಬಣ್ಣದ ಪಾಚಿ ಹೋದ ಮೇಲೆ ತೆಳ್ಳಗಿನ ಮೈಯ ಮೂಲಕ ಅದು ಕಾಣುತ್ತದೆ. ಆ ಕ್ಷಣ ಹವಳ ಇನ್ನೂ ಜೀವಂತ ಇರುತ್ತದೆ. ನೀರು ತಣ್ಣಗಾದರೆ ಪಾಚಿ ಮರಳಬಹುದು, ಆಗದಿದ್ದರೆ ಹಸಿವಿನಿಂದ ಸಾಯುತ್ತದೆ. ಇಷ್ಟನ್ನು ಆ ಒಂದು ಪ್ರಶ್ನೆ ಹಿಡಿದುಕೊಂಡು ಅಕ್ಕೋರು ಹೇಳಿಬಿಟ್ಟರು. ಫಿಲಂ ನಿಲ್ಲಿಸಲೂ ಇಲ್ಲ. ಎಷ್ಟೋ ದೊಡ್ಡ ಬಜೆಟ್ಟಿನ ನಿರೂಪಣೆ ಕೇಳಿದ್ದೇನೆ. ಅಂಥ ಉತ್ತರ ಕೇಳಿಲ್ಲ.

ಮುಗಿದ ಮೇಲೆ ಅವರು ಎರಡು ಮಾತು ಸೇರಿಸಿದರು. ಒಂದು, ಇದು ಬರೀ ಆಸ್ಟ್ರೇಲಿಯಾದ ಕಥೆಯಲ್ಲ, ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳ ಹೀಗೇ ಬಿಳುಚಿತ್ತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ. 'ಗಂಧದ ಗುಡಿ'ಯಲ್ಲಿ ಅಪ್ಪು ಮುಳುಗಿದ್ದು ಅಲ್ಲೇ. ಅಪ್ಪು ಹೆಸರು ಬಂದ ಕೂಡಲೇ ಸೀಟಿ.

ಇನ್ನೊಂದು ಗುಜರಾತಿನ ಕಥೆ. ಸೌರಾಷ್ಟ್ರದ ಕಡಲಿಗೆ ತಿಮಿಂಗಿಲ ಶಾರ್ಕ್ ಬರುತ್ತದೆ. ಬಸ್ಸಿನಷ್ಟು ಉದ್ದ, ತಿನ್ನುವುದು ಮಾತ್ರ ನೀರಿನಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು. ಅದರ ಯಕೃತ್ತಿನ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸ ವಿದೇಶಕ್ಕೆ ಹೋಗುತ್ತಿತ್ತು. ಮೈಕ್ ಪಾಂಡೆ ಅವರು ಈ ಬೇಟೆಯ ಮೇಲೆ 'ಶೋರ್ಸ್ ಆಫ್ ಸೈಲೆನ್ಸ್' ಅನ್ನುವ ಡಾಕ್ಯುಮೆಂಟರಿ ಮಾಡಿದರು. 2001ರಲ್ಲಿ ಸರ್ಕಾರ ಈ ಮೀನನ್ನು ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಗೆ ಸೇರಿಸಿತು. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಬಂತು.

ಆದರೆ ಕಾಯ್ದೆ ಬಂದ ಮಾತ್ರಕ್ಕೆ ಬಲೆಗೆ ಬಿದ್ದ ಮೀನನ್ನು ಯಾರು ಬಿಡುತ್ತಾರೆ? ಬಿಡಬೇಕೆಂದರೆ ಬಲೆ ಕತ್ತರಿಸಬೇಕು. ಬಲೆಗೆ ದುಡ್ಡು ಬಿದ್ದಿರುತ್ತದೆ. 2004ರಲ್ಲಿ ಅಲ್ಲಿ ಪ್ರಚಾರ ಶುರುವಾದಾಗ ರಾಮಕಥೆ ಹೇಳುವ ಮೊರಾರಿ ಬಾಪು ಅದರ ಮುಖವಾದರು. ಇದು ಹೆರಿಗೆಗೆ ತವರಿಗೆ ಬರುವ ಮಗಳು, ಮಗಳನ್ನು ಕೊಲ್ಲುತ್ತೀರಾ ಅಂತ ಕೇಳಿದರು. 'ವ್ಹಾಲಿ' ಅಂತ ಅದಕ್ಕೆ ಮುದ್ದಿನ ಹೆಸರು ಬಂತು. ಜೊತೆಗೆ ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಮೀನುಗಾರರೇ ನೂರಾರು ಶಾರ್ಕ್‌ಗಳನ್ನು ಬಿಟ್ಟಿದ್ದಾರೆ.

ಪಂಚಮಿಗೆ ತವರಿಗೆ ಬಂದು ಹೋಗಿದ್ದ ಹೆಣ್ಣುಮಕ್ಕಳು ಹಾಲ್‌ನಲ್ಲಿದ್ದರು. ಅವರಿಗೆ ಬಿಡಿಸಿ ಹೇಳುವುದೇನೂ ಇರಲಿಲ್ಲ. ನನಗೆ ನಾಟಿದ್ದು ಬೇರೆ. ಫಿಲಂ ದಿಲ್ಲಿಯವರೆಗೆ ಮುಟ್ಟಿತು, ಕಾಯ್ದೆ ಬಂತು. ದೋಣಿಯವರೆಗೆ ಮುಟ್ಟಿದ್ದು ಕಥೆ ಹೇಳುವವರ ಮಾತು ಮತ್ತು ಬಲೆಯ ದುಡ್ಡು. ಮೂರರಲ್ಲಿ ಒಂದು ತಪ್ಪಿದ್ದರೂ ಆ ಮೀನು ಉಳಿಯುತ್ತಿತ್ತೋ ಇಲ್ಲವೋ.

ದುಡ್ಡು ಯಾರ ಹೆಸರಲ್ಲಿ?

ಎರಡು ದಿನ ಬಿಟ್ಟು ಪಟ್ಟಿ ಎತ್ತಿದರು. ಬಂದದ್ದು ಐದಂಕಿ ಮುಟ್ಟಲಿಲ್ಲ. ಹುಡುಗರ ಮುಖ ಸಣ್ಣದಾಯಿತು. ಆದರೆ ಕೊಟ್ಟವರಲ್ಲಿ ಯಾರೂ ಆವೇಶದಲ್ಲಿ ಕೊಟ್ಟಿರಲಿಲ್ಲ. ಬಹಳ ಜನ ಪ್ರಶ್ನೆ ಕೇಳಿ ಕೊಟ್ಟಿದ್ದರು: ಇದು ಯಾರಿಗೆ ಹೋಗುತ್ತದೆ, ಅವರು ಏನು ಮಾಡುತ್ತಾರೆ? ಆ ಪ್ರಶ್ನೆಗಳಿಂದಾಗಿಯೇ ಮುಂದಿನ ಕೆಲಸ ಸರಿಯಾಗಿ ಆಯಿತು. ಹಾಲ್‌ನಲ್ಲೇ ಡಬ್ಬಿ ಹಿಡಿದಿದ್ದರೆ ಈ ಪ್ರಶ್ನೆಗಳು ಬರುತ್ತಿರಲಿಲ್ಲ.

ಹುಡುಗಿ ಮತ್ತು ಖಜಾಂಚಿ ಮೂರು ಸಂಸ್ಥೆಗಳನ್ನು ನೋಡಿದರು. ಒಂದು ವಿದೇಶದ್ದು, ಆಮೆ ದತ್ತು ತಗೊಳ್ಳಿ, ಗೊಂಬೆ ಕಳಿಸುತ್ತೇವೆ ಅನ್ನುತ್ತಿತ್ತು. ಇಂಥ ದತ್ತು ಸಾಂಕೇತಿಕ, ನಿಮ್ಮ ಹೆಸರಿನ ಆಮೆ ಅಂತ ಒಂದು ಇರೋದಿಲ್ಲ. ವಿದೇಶಿ ಸಂಸ್ಥೆಗೆ ನೇರ ಕಳಿಸಿದರೆ ಇಲ್ಲಿ ತೆರಿಗೆ ವಿನಾಯಿತಿಯೂ ಇಲ್ಲ. ಎರಡನೆಯದರ ವೆಬ್‌ಸೈಟ್ ಥಳಥಳ, ಫೋಟೋ ತುಂಬ, ಲೆಕ್ಕಪತ್ರ ಎಲ್ಲೂ ಇಲ್ಲ. ಮೂರನೆಯದು ಕರಾವಳಿಯ ಸಣ್ಣ ತಂಡ. ಫೋನ್ ಮಾಡಿದಾಗ ಎತ್ತಿದವರು ಬಲೆ ಹೊಲಿಯುತ್ತಾ ಮಾತಾಡಿದರಂತೆ. ಮೊಟ್ಟೆ ಇಡುವ ತಿಂಗಳುಗಳಲ್ಲಿ ರಾತ್ರಿ ಕಾವಲಿಗೆ ಊರಿನ ಮೀನುಗಾರರ ಮಕ್ಕಳಿಗೇ ಕೂಲಿ ಕೊಡುತ್ತೇವೆ, ಟಾರ್ಚು, ಬಲೆ, ಕೋಲಿನ ಖರ್ಚು ಇಷ್ಟು ಅಂತ ಬಾಯಿಲೆಕ್ಕ ಹೇಳಿದರು. ಆಮೇಲೆ ವರ್ಷದ ಲೆಕ್ಕಪತ್ರವನ್ನೂ ಕಳಿಸಿದರು. ಸ್ವಯಂಸೇವಾ ಸಂಸ್ಥೆಗಳು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲಿ ಸಂಸ್ಥೆಯ ಹೆಸರಿತ್ತು, ಆಗಿನ ಆದಾಯ ತೆರಿಗೆ ಕಾಯ್ದೆಯಲ್ಲಿ ಕೊಟ್ಟವರಿಗೆ ವಿನಾಯಿತಿ ಕೊಡಿಸುತ್ತಿದ್ದ 80ಜಿ ನೋಂದಣಿಯೂ ಇತ್ತು. ಅದನ್ನೇ ಆರಿಸಿದರು.

ಆಗ ಹೊಸ ತಕರಾರು. ಮಂಡಳಕ್ಕೆ ಪಾನ್ ಕಾರ್ಡ್ ಇಲ್ಲ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ 80ಜಿ ಸಿಗುತ್ತಿರಲಿಲ್ಲ, ಬ್ಯಾಂಕಿನಿಂದಲೇ ಹೋಗಬೇಕಿತ್ತು. ಖಜಾಂಚಿಯ ಖಾತೆಯಿಂದ ಕಳಿಸಿದರೆ ದೇಣಿಗೆಯ ಸರ್ಟಿಫಿಕೇಟು, ಅಂದರೆ ಆಗಿನ ಫಾರ್ಮ್ 10ಬಿಇ, ಅವರ ಹೆಸರಿಗೇ ಬರುತ್ತಿತ್ತು. "ಗಲ್ಲಿ ದುಡ್ಡು, ಟ್ಯಾಕ್ಸ್ ಉಳಿಸಿದವ್ರು ಇವ್ರು" ಅಂ‍ತ ಒಬ್ಬರು ಅಂದೇಬಿಟ್ಟರು. ಖಜಾಂಚಿ ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಮರುದಿನ ತಮ್ಮ ರಿಟರ್ನ್ ಪ್ರತಿಯನ್ನೇ ತಂದು ತೋರಿಸಿದರು. ಅವರದು ಹೊಸ ತೆರಿಗೆ ಪದ್ಧತಿ, ಅದರಲ್ಲಿ 80ಜಿ ಲಾಭವೇ ಇರಲಿಲ್ಲ. ರಸೀದಿ, ಬ್ಯಾಂಕ್ ಎಂಟ್ರಿ, ಕೊಟ್ಟವರ ಪಟ್ಟಿ ಮೂರನ್ನೂ ಪೆಂಡಾಲಿನ ಬೋರ್ಡಿಗೆ ಅಂಟಿಸಿದರು. ಬೇರೆಯವರು ಇಂಥದ್ದು ಮಾಡುವುದಿದ್ದರೆ ದುಡ್ಡು ಕೂಡಿಸುವ ಮುಂಚೆಯೇ ಯಾರ ಖಾತೆ, ಯಾರ ಪಾನ್ ಅನ್ನೋದನ್ನು ಠರಾವಿನಲ್ಲಿ ಬರೆದುಕೊಳ್ಳಿ. ಅಥವಾ ಒಬ್ಬೊಬ್ಬರೂ ನೇರವಾಗಿ ಕಳಿಸಲಿ.

ಎರಡು ನೀರಿನ ನಕಾಶೆ

ಈ ಪ್ರಕರಣದಲ್ಲಿ ನನ್ನ ಪ್ರಕಾರ ಮುಖ್ಯವಾದದ್ದು ಫಿಲಂ ಅಲ್ಲ, ದೇಣಿಗೆಯೂ ಅಲ್ಲ. ವಿಸರ್ಜನೆಗೆ ಮುಂಚಿನ ದಿನ ಅಕ್ಕೋರು ಪೆಂಡಾಲಿನ ಹಿಂದಿನ ಗೋಡೆಗೆ ಹಚ್ಚಿದ ಒಂದು ನಕಾಶೆ.

ನಾವು ಚರಂಡಿಗೆ ಎಸೆದ ಪ್ಲಾಸ್ಟಿಕ್ ಸಮುದ್ರಕ್ಕೆ ಹೋಗುತ್ತದೆ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅಕ್ಕೋರು ಹೋಗುವ ದಾರಿ ಬರೆದರು. ಬೆಳಗಾವಿಯ ಕೊಳೆ ನೀರು ಬಳ್ಳಾರಿ ನಾಲಾ ಹಿಡಿದು ಮಾರ್ಕಂಡೇಯಕ್ಕೆ. ಮಾರ್ಕಂಡೇಯ ಗೋಕಾಕದ ಹತ್ತಿರ ಘಟಪ್ರಭೆಗೆ. ಘಟಪ್ರಭಾ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಗೆ. ಮುಂದೆ ಆಲಮಟ್ಟಿ, ನಾರಾಯಣಪುರ, ಜುರಾಲಾ, ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್. ಅಷ್ಟನ್ನೂ ದಾಟಿದರೆ ಹಂಸಲದೀವಿ, ಬಂಗಾಳ ಕೊಲ್ಲಿ. ಅಂದರೆ ನಮ್ಮ ಗಲ್ಲಿಯ ಗುಟ್ಕಾ ಚೀಟಿ ಸಮುದ್ರ ಕಾಣುವ ಮುಂಚೆ ರೈತರ ಹೊಲದಲ್ಲಿ, ಇಲ್ಲವೇ ಯಾವುದೋ ಡ್ಯಾಮಿನ ಹೂಳಿನಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು. ಸಮುದ್ರದ ಹೆಸರಲ್ಲಿ ಹೆದರಿಸುವ ಅಗತ್ಯವೇ ಇಲ್ಲ. ತೊಂದರೆ ಹತ್ತಿರದಲ್ಲೇ ಇದೆ.

ಆದರೆ ಅದೇ ನಕಾಶೆಯ ಇನ್ನೊಂದು ಕಡೆ ಖಾನಾಪುರ ತಾಲೂಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅದೇ ತಾಲೂಕಿನ ದೇಗಾಂವ ಹತ್ತಿರ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿಯಾಗಿ, ಪಣಜಿಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮಹದಾಯಿ ಅಂದರೆ ನಮಗೆ ಕಳಸಾ, ಬಂಡೂರಿ, ನೀರಿನ ಜಗಳವೇ ನೆನಪಾಗುತ್ತದೆ. ಅದು ನಮ್ಮ ಜಿಲ್ಲೆಯಿಂದ ಸಮುದ್ರಕ್ಕಿರುವ ಅತ್ಯಂತ ಹತ್ತಿರದ ದಾರಿ ಅನ್ನೋದು ಮರೆತೇ ಹೋಗಿದೆ. ಮಳೆಗಾಲದಲ್ಲಿ ಬೆಳಗಾವಿಯ ಹುಡುಗರು ಪಿಕ್‌ನಿಕ್‌ಗೆ ಹೋಗುವ ಎಷ್ಟೋ ಹಳ್ಳ, ಜಲಪಾತ ಈ ಕಡೆಯ ನೀರಿನವು. ಅಲ್ಲಿ ಬಿಟ್ಟ ನೀರಿನ ಬಾಟಲಿ, ಚಿಪ್ಸ್ ಚೀಟಿ, ಪ್ಲಾಸ್ಟಿಕ್ ಗ್ಲಾಸು ಘಟ್ಟ ಇಳಿದರೆ ಸೀದಾ ಗೋವಾ.

ನಕಾಶೆ ನೋಡಿ ಮೊದಲು ಮಾತಾಡಿದ್ದು ಆ ಪ್ರವಾಹದ ಕಾಕಾ. "ಹಂಗಾರ ಆಮಿ ಬಾಯಾಗ ನಮ್ಮ ಹುಡುಗರ ಬಾಟ್ಲಿನ ಐತಿ ಅನ್ನು." ಅವರು ಸಮುದ್ರಕ್ಕೆ ಪಟ್ಟಿ ಕೊಟ್ಟಿರಲಿಲ್ಲ, ಇವತ್ತಿಗೂ ಕೊಟ್ಟಿಲ್ಲ. ಆದರೆ ಮಳೆ ನಿಂತ ಮೇಲೆ ಹುಡುಗರು ಅರಣ್ಯ ಇಲಾಖೆಯ ಅನುಮತಿ ಕೇಳಿ ಖಾನಾಪುರ ಕಡೆಯ ಒಂದು ಹಳ್ಳಕ್ಕೆ ಕಸ ಆರಿಸಲು ಹೊರಟಾಗ ತಮ್ಮ ಟೆಂಪೋ ಕಳಿಸಿದವರು ಅವರೇ. ಡೀಸೆಲ್ ದುಡ್ಡನ್ನೂ ತಗೊಳ್ಳಲಿಲ್ಲ.

ಏನು ಬದಲಾಯಿತು, ಏನಿಲ್ಲ

2017ರಲ್ಲಿ ಬಿಬಿಸಿಯ 'ಬ್ಲೂ ಪ್ಲಾನೆಟ್ 2' ಬಂದಾಗ ಬ್ರಿಟನ್ನಿನಲ್ಲಿ ಪ್ಲಾಸ್ಟಿಕ್ ಬಗ್ಗೆ ಎಲ್ಲೆಲ್ಲೂ ಮಾತು ಎದ್ದಿತು. ಆ ಮಾತು ನಿಜಕ್ಕೂ ಜನರ ನಡವಳಿಕೆ ಬದಲಿಸಿತಾ ಅಂತ ಸಂಶೋಧಕರು ಪರೀಕ್ಷೆ ಮಾಡಿದರು. ಒಂದು ಗುಂಪಿಗೆ ಅದರ ಕಂತು, ಇನ್ನೊಂದಕ್ಕೆ ಬೇರೆ ಫಿಲಂ ತೋರಿಸಿ, ಆಮೇಲೆ ಪ್ಲಾಸ್ಟಿಕ್ ವಿಷಯದಲ್ಲಿ ಅವರ ಆಯ್ಕೆ ನೋಡಿದರು. 2020ರಲ್ಲಿ ಬಂದ ಫಲಿತಾಂಶ: ತಿಳಿವಳಿಕೆ ಹೆಚ್ಚಿತ್ತು, ಆಯ್ಕೆ ಬದಲಾಗಿರಲಿಲ್ಲ.

ಈ ಗಲ್ಲಿಯಲ್ಲೂ ಅಷ್ಟೇ. ಹವಳ ಅಂದರೆ ಏನು ಅಂತ ಈಗ ಮಕ್ಕಳು ಪಟಪಟ ಹೇಳುತ್ತಾರೆ. ಅದೇ ಮಕ್ಕಳು ಹಾಲ್‌ನಿಂದ ಹೊರಗೆ ಬಂದು ಕುರ್ಕುರೆ ಚೀಟಿ ಮೆಟ್ಟಿಲ ಮೇಲೇ ಬಿಟ್ಟು ಹೋಗಿದ್ದರು. ನಾನೇ ನೋಡಿದೆ. ಹವಳ ಸಾಯುವುದು ಬಿಸಿ ನೀರಿನಿಂದ, ಅದಕ್ಕೆ ಕಾರಣ ಕಲ್ಲಿದ್ದಲು ಮತ್ತು ಪೆಟ್ರೋಲು. ಆ ವಿಷಯದಲ್ಲಿ ಗಲ್ಲಿ ಏನೂ ಮಾಡಲಿಲ್ಲ. ಮಾಡುವಂಥದ್ದು ಏನು ಅಂತ ಯಾರಿಗೂ ಹೊಳೆಯಲೂ ಇಲ್ಲ. ವಿಸರ್ಜನೆ ಮೆರವಣಿಗೆಯ ಜನರೇಟರ್ ಎಂದಿನಂತೆ ರಾತ್ರಿಯಿಡೀ ಓಡಿತು.

ಬದಲಾದದ್ದು ಗಲ್ಲಿಯ ಕೈಯಲ್ಲೇ ಇದ್ದ ವಿಷಯಗಳು. ಥರ್ಮೋಕೋಲ್ ಹೋಯಿತು. ಅದು ಹೋಗಿದ್ದು ಫಿಲಂ ನೋಡುವ ಮುಂಚೆಯೇ, ಬೋರ್ಡಿನ ಮಾತಿಗೂ ಕೆಳಗಿನ ಸಾಮಾನಿಗೂ ತಾಳೆಯಾಗದ ನಾಚಿಕೆಯಿಂದ. ಕೊಂಕಣಿ ಮನೆಯ ಒಬ್ಬ ಅಜ್ಜಿ ಮರಿ ಸುರಮಯಿ ತರಬೇಡ ಅಂತ ಮಗನಿಗೆ ಹೇಳುತ್ತಾರೆ. ಒಂದು ಸಲವೂ ಮೊಟ್ಟೆ ಇಡದ ಮೀನನ್ನು ಹಿಡಿದರೆ ಮುಂದೆ ಮೀನೆಲ್ಲಿಂದ ಅನ್ನೋದು ಅವರಿಗೆ ಫಿಲಂನಿಂದ ಗೊತ್ತಾದದ್ದಲ್ಲ, ಕಾರವಾರದ ತವರಿನಿಂದ ಗೊತ್ತಿದ್ದದ್ದು. ಈಗ ಅದನ್ನು ಜೋರಾಗಿ ಹೇಳುತ್ತಾರೆ. ಜೂನ್, ಜುಲೈ ಎರಡು ತಿಂಗಳು ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಆಗ ಮೀನು ತುಟ್ಟಿ ಯಾಕೆ ಅಂತ ಗೊಣಗುವವರಿಗೂ ಅಜ್ಜಿಯ ಉತ್ತರ ತಯಾರಿರುತ್ತದೆ.

ಕರಾವಳಿಯ ಆ ತಂಡದಿಂದ ಮಾರ್ಚ್‌ನಲ್ಲಿ ಒಂದು ವೀಡಿಯೊ ಬಂತು. ಕಳಿಸಿದ ದುಡ್ಡು ಕೆಲವು ರಾತ್ರಿಗಳ ಕಾವಲಿಗೆ ಸಾಕಾಗಿತ್ತು ಅಂತ ಲೆಕ್ಕ ಜೊತೆಗಿತ್ತು. ವೀಡಿಯೊಗೆ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ. ಲೆಕ್ಕವನ್ನು ತೆರೆದು ಓದಿದವರು ಖಜಾಂಚಿ ಒಬ್ಬರೇ ಇರಬೇಕು.

ಮುಂದಿನ ವರ್ಷದ ಮೀಟಿಂಗಿನಲ್ಲಿ ಸಮುದ್ರದ ಪಟ್ಟಿ ಮತ್ತೆ ಬೇಕೋ ಬೇಡವೋ ಅನ್ನುವುದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಮೂರ್ತಿಯ ಮೇಲೆ. ಪಿಒಪಿ ಮೂರ್ತಿ ಬೇಡ, ಮಣ್ಣಿನದು ಇರಲಿ, ಎತ್ತರ ಕಡಿಮೆಯಾದರೂ ಪರವಾಗಿಲ್ಲ ಅಂತ ಹುಡುಗಿಯ ವಾದ. ಎತ್ತರ ಕಡಿಮೆಯಾದರೆ ಪಕ್ಕದ ಗಲ್ಲಿಯವರು ನಗುತ್ತಾರೆ ಅಂತ ಎದುರಿನವರ ವಾದ. ಪಕ್ಕದ ಗಲ್ಲಿ ಅಂದರೆ ನಮ್ಮದೇ. ನಮ್ಮ ಮೂರ್ತಿ ಅವರದಕ್ಕಿಂತ ಎರಡು ಅಡಿ ಎತ್ತರ, ಪಿಒಪಿಯದು. ಹುಡುಗಿ ನನ್ನ ಕಡೆ ತಿರುಗಿ, "ಅಣ್ಣಾ, ಮೊದಲ ನಿಮ್ಮ ಮಂಡಳದಾಗ ಈ ಮಾತು ತಗೀರಿ" ಅಂದಳು. ನಮ್ಮ ಮಂಡಳದ ಮೀಟಿಂಗ್ ಬರುವ ರವಿವಾರ.